ಒಂದು ಡಿವಿಡಿ ಕಾಪಿಗೆ ಒಂದೂವರೆ ತಾಸು: ತೊಡಕು ಓದುವಲ್ಲಿದೆಯೋ, ಬರೆಯುವಲ್ಲಿದೆಯೋ?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಶಹಾಪುರ ಕಡೆಯ ನಿವೃತ್ತ ಶಿಕ್ಷಕ. ನಮ್ಮೂರ ಭಜನಾ ಮಂಡಳಿಯವರು ಹಾಡಿದ ತತ್ವಪದಗಳ ಧ್ವನಿಮುದ್ರಣ ಮತ್ತು ಜಾತ್ರೆಯ ವಿಡಿಯೊಗಳು ಸುಮಾರು ನಲವತ್ತು ಸಿಡಿ, ಡಿವಿಡಿಗಳಲ್ಲಿವೆ. ಹೆಚ್ಚಿನವು 2008ರಿಂದ 2012ರ ನಡುವೆ ಮಾಡಿಸಿದವು. ಹಾಡಿದವರಲ್ಲಿ ಹಲವರು ಈಗಿಲ್ಲ. ಅವರ ಮನೆಯವರಿಗೆ ಒಂದೊಂದು ಪ್ರತಿ ಮಾಡಿಕೊಡೋಣವೆಂದು ಕುಳಿತರೆ, ಹಿಂದೆ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತಿದ್ದ ಡಿವಿಡಿ ಈಗ ಒಂದೂವರೆ ತಾಸು ಹಿಡಿಯುತ್ತಿದೆ. ಕಂಪ್ಯೂಟರ್ 2009ರದ್ದು, ವಿಂಡೋಸ್ 7 ಇದೆ, ರೈಟರಿಗೆ ಅಗಲವಾದ ಪಟ್ಟಿ ಕೇಬಲ್ ಇದೆ. ಬರ್ನ್ ಆಗುವಾಗ ಮೌಸ್ ಕೂಡ ತಡೆದು ತಡೆದು ಚಲಿಸುತ್ತದೆ. ಹೊಸದಾಗಿ ಯುಎಸ್‌ಬಿ ರೈಟರ್ ತಂದು ಮುಂಭಾಗದ ಪೋರ್ಟಿಗೆ ಹಚ್ಚಿದೆ. ಅದು ಕೆಲವು ಸಲ ನಡುವೆಯೇ ನಿಂತುಬಿಡುತ್ತದೆ. ಎಳೆದು ಹಾಕಿ ಕಾಪಿ ಮಾಡಿದ ಡಿಸ್ಕ್‌ಗಳು ಟಿವಿಯ ಪ್ಲೇಯರಿನಲ್ಲಿ ಓಡುವುದೇ ಇಲ್ಲ. ಒಬ್ಬರು ರ್ಯಾಮ್ ಹೆಚ್ಚಿಸಿ ಎಂದರು, ಇನ್ನೊಬ್ಬರು ವೈರಸ್ ಇದೆ, ಫಾರ್ಮ್ಯಾಟ್ ಮಾಡಬೇಕು ಎಂದರು, ಮತ್ತೊಬ್ಬರು ನಿಧಾನವಾಗಿ ಬರೆದಷ್ಟೂ ಡಿಸ್ಕ್ ಬಾಳಿಕೆ ಬರುತ್ತದೆ, ಚಿಂತೆ ಬೇಡ ಎಂದರು. ಖಾಲಿ ಡಿಸ್ಕಿನ ಮೇಲೆ 16ಎಕ್ಸ್ ಎಂದಿದೆ. ಯಾರ ಮಾತನ್ನು ನಂಬಲಿ?

ಉತ್ತರ: ಗುರುಗಳೇ, ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳಿವೆ. ರೈಟರ್ ಕೆಟ್ಟಿದೆಯೇ ಎಂಬುದು ಒಂದು. ಹಳೆಯ ಡಿಸ್ಕ್‌ಗಳೇ ಕೆಡುತ್ತಿವೆಯೇ ಎಂಬುದು ಇನ್ನೊಂದು, ಅದನ್ನು ನೀವು ನೇರವಾಗಿ ಕೇಳಿಲ್ಲ. ರೈಟರ್ ಇನ್ನೂ ಅಂಗಡಿಯಲ್ಲಿ ಸಿಗುತ್ತದೆ, ಆ ಹಾಡುಗಳು ಸಿಗುವುದಿಲ್ಲವಾದ್ದರಿಂದ, ಕಲಬುರಗಿಯಲ್ಲಿ ಕಂಪ್ಯೂಟರ್ ದುರಸ್ತಿ ಮಾಡುತ್ತ ಬಂದವನಾಗಿ ನಾನು ಎರಡನೆಯ ಚಿಂತೆಗೇ ಹೆಚ್ಚು ತೂಕ ಕೊಡುತ್ತೇನೆ.

ಮೊದಲು, ಎಷ್ಟು ಸಮಯ ಹಿಡಿದರೆ ಸಹಜ ಎಂಬುದನ್ನು ತಿಳಿದುಕೊಳ್ಳಬೇಕು. ಡಿವಿಡಿಯಲ್ಲಿ 1ಎಕ್ಸ್ ಎಂದರೆ ಸೆಕೆಂಡಿಗೆ ಸುಮಾರು 1.385 ಮೆಗಾಬೈಟ್. ಆ ವೇಗದಲ್ಲಿ 4.7 ಗಿಗಾಬೈಟಿನ ಡಿಸ್ಕ್ ತುಂಬಲು 57 ನಿಮಿಷದಷ್ಟು ಬೇಕು. ಹಾಗಾದರೆ 16ಎಕ್ಸ್‌ನಲ್ಲಿ ಮೂರೂವರೆ ನಿಮಿಷಕ್ಕೆ ಮುಗಿಯಬೇಕಲ್ಲ ಎಂದು ಅನೇಕರು ಲೆಕ್ಕ ಹಾಕುತ್ತಾರೆ. ಅದು ಹಾಗಲ್ಲ. ಡಿಸ್ಕ್ ಬರೆಯುವುದು ಒಳಸುತ್ತಿನಿಂದ ಹೊರಕ್ಕೆ. 16ಎಕ್ಸ್ ಎಂಬುದು ಹೊರ ಅಂಚಿನಲ್ಲಿ ಮುಟ್ಟುವ ವೇಗ, ಒಳಗಿನ ಸುತ್ತುಗಳಲ್ಲಿ ಅದು 6 ಅಥವಾ 7ಎಕ್ಸ್ ಮಾತ್ರ ಇರುತ್ತದೆ. ಹೀಗಾಗಿ ಒಳ್ಳೆಯ ಯಂತ್ರಕ್ಕೂ ಐದಾರು ನಿಮಿಷ ಬೇಕೇ ಬೇಕು. ಮೂಲ ಡಿಸ್ಕ್ ಓದಲು ಅಷ್ಟು, ಬರೆಯಲು ಅಷ್ಟು, ಬರೆದದ್ದನ್ನು ತಾಳೆ ನೋಡಲು ಮತ್ತೆ ಅಷ್ಟು ಎಂದು ಹಿಡಿದರೆ, ಹಿಂದೆ ನಿಮಗೆ ಆಗುತ್ತಿದ್ದ ಇಪ್ಪತ್ತು ನಿಮಿಷ ಸರಿಯಾದ ಲೆಕ್ಕವೇ ಆಗಿತ್ತು. ಒಂದೂವರೆ ತಾಸು ಖಂಡಿತ ಸಹಜವಲ್ಲ.

ಕಾಪಿ ಎಂಬುದು ಒಂದೇ ಕೆಲಸವಲ್ಲ, ಓದುವುದು ಮತ್ತು ಬರೆಯುವುದು ಎಂಬ ಎರಡು ಕೆಲಸ. ಒಂದೇ ಬಟನ್ ಒತ್ತಿ ಎರಡನ್ನೂ ಮಾಡಿಸಿದರೆ ತೊಡಕು ಯಾವುದರಲ್ಲಿದೆ ಎಂದು ತಿಳಿಯುವುದೇ ಇಲ್ಲ, ಮತ್ತು ನಿಮಗೆ ಸಿಕ್ಕ ಮೂರು ಸಲಹೆಗಳೂ ಈ ಭೇದವನ್ನು ಕೇಳದೆ ಹುಟ್ಟಿದವು. ಆದ್ದರಿಂದ ನೇರ ಕಾಪಿ ನಿಲ್ಲಿಸಿ. ಇಮ್ಗ್‌ಬರ್ನ್‌ನಂಥ ಉಚಿತ ತಂತ್ರಾಂಶದಲ್ಲಿ ಡಿಸ್ಕನ್ನು ಮೊದಲು ಹಾರ್ಡ್ ಡಿಸ್ಕಿಗೆ ಒಂದು ಐಎಸ್‌ಒ ಕಡತವಾಗಿ, ಅಂದರೆ ಇಡೀ ಡಿಸ್ಕಿನ ಪಡಿಯಚ್ಚಾದ ‘ಇಮೇಜ್’ ಆಗಿ ಇಳಿಸಿ, ಅದಕ್ಕೆ ಹಿಡಿದ ಸಮಯ ಬರೆದುಕೊಳ್ಳಿ. ಆಮೇಲೆ ಆ ಕಡತವನ್ನು ಖಾಲಿ ಡಿಸ್ಕಿಗೆ ಬರ್ನ್ ಮಾಡಿ, ಅದರ ಸಮಯವನ್ನು ಬೇರೆಯಾಗಿ ಬರೆದುಕೊಳ್ಳಿ. ಈ ತಂತ್ರಾಂಶ ಸ್ಥಾಪಿಸುವಾಗ ಅದರ ಬೆನ್ನಿಗೆ ಬೇರೆ ಏನೇನೋ ಸೇರಿಕೊಳ್ಳುವ ಸಂಭವವಿರುವುದರಿಂದ ಪ್ರತಿ ಪುಟದ ಟಿಕ್ ಗುರುತುಗಳನ್ನು ಓದಿಯೇ ಮುಂದೆ ಹೋಗಿ. ಐಎಸ್‌ಒ ಬರೆಯಲು ಮಾತ್ರವಾದರೆ ವಿಂಡೋಸ್ 7ರಲ್ಲೇ ಸೌಲಭ್ಯವಿದೆ: ಕಡತದ ಮೇಲೆ ರೈಟ್ ಕ್ಲಿಕ್ ಮಾಡಿದರೆ ‘ಬರ್ನ್ ಡಿಸ್ಕ್ ಇಮೇಜ್’ ಸಿಗುತ್ತದೆ. ಇಳಿಸುವ ಜಾಗದ ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ವಿಧದ್ದಿರಲಿ; ಫ್ಯಾಟ್32 ಆಗಿದ್ದರೆ 4 ಗಿಗಾಬೈಟಿಗಿಂತ ದೊಡ್ಡ ಕಡತ ಅದರಲ್ಲಿ ಕೂರುವುದಿಲ್ಲ.

ಓದುವುದೇ ನಿಧಾನವಾದರೆ ಕಂಪ್ಯೂಟರನ್ನು ದೂರುವ ಮೊದಲು ಡಿಸ್ಕನ್ನು ನೋಡಿ. ತುಂಬಿದ ಡಿವಿಡಿಯಲ್ಲಿ ಸುಮಾರು 23 ಲಕ್ಷ ಸೆಕ್ಟರ್‌ಗಳು, ಅಂದರೆ ಮಾಹಿತಿಯ ಸಣ್ಣ ಸಣ್ಣ ಖಾನೆಗಳು, ಇರುತ್ತವೆ. ಗೀರು, ಬೆರಳಿನ ಜಿಡ್ಡು, ಧೂಳು ಇವುಗಳಿಂದ ಅಳಿಸಿದ ಭಾಗವನ್ನು ತಿದ್ದಿಕೊಳ್ಳುವ ಗಣಿತ ಡಿಸ್ಕಿನೊಳಗೇ ಇದೆ, ಆದರೆ ಅದಕ್ಕೊಂದು ಮಿತಿಯೂ ಇದೆ. ಮಿತಿ ಮೀರಿದಾಗ ಡ್ರೈವ್ ತನ್ನ ವೇಗ ಇಳಿಸಿ ಅದೇ ಸ್ಥಳವನ್ನು ಮತ್ತೆ ಮತ್ತೆ ಓದುತ್ತದೆ. ಹತ್ತಾರು ಕೆಟ್ಟ ಸೆಕ್ಟರ್‌ಗಳು ಸಾಲಾಗಿ ಬಂದರೆ ಅಷ್ಟರಲ್ಲೇ ಅರ್ಧ ತಾಸು ಕಳೆಯುತ್ತದೆ, ಪರದೆಯ ಮೇಲೆ ಹಸಿರು ಪಟ್ಟಿ ಮಾತ್ರ ನಿಂತಲ್ಲೇ ನಿಂತಿರುತ್ತದೆ. ದೋಷಗಳ ದಾಖಲೆ ತೋರಿಸುವ ವಿಂಡೋಸ್‌ನ ಈವೆಂಟ್ ವ್ಯೂಅರ್ ತೆರೆದು ಸಿಸ್ಟಮ್ ವಿಭಾಗದಲ್ಲಿ ನೋಡಿ. ‘ಸಿಡಿರಾಮ್’ ಹೆಸರಿನಲ್ಲಿ ಬ್ಯಾಡ್ ಬ್ಲಾಕ್ ಎಂಬ 7ನೇ ಸಂಖ್ಯೆಯ ದೋಷಗಳು ಸಾಲುಗಟ್ಟಿದ್ದರೆ ಡ್ರೈವ್ ಆ ಡಿಸ್ಕನ್ನು ಓದಲು ತಿಣುಕಾಡುತ್ತಿದೆ ಎಂದರ್ಥ. ಎಲ್ಲ ಡಿಸ್ಕಿಗೂ ಅದೇ ಸಾಲು ಬಂದರೆ ಡ್ರೈವಿನ ಲೆನ್ಸ್ ಮೇಲೆ ಅನುಮಾನ ಪಡಿ. ಕೆಲವಕ್ಕೆ ಮಾತ್ರ ಬಂದರೆ ಆ ಡಿಸ್ಕ್‌ಗಳ ಮೇಲೆ.

ನಮ್ಮ ಭಾಗದಲ್ಲಿ ಲೆನ್ಸ್ ಮೇಲಿನ ಅನುಮಾನ ಸುಳ್ಳಾಗುವುದು ಕಡಿಮೆ. ವಾಡಿ, ಶಹಾಬಾದ್, ಸೇಡಂ ಕಡೆಯಿಂದ ದುರಸ್ತಿಗೆ ಬರುವ ಕ್ಯಾಬಿನೆಟ್ ಬಿಚ್ಚಿದರೆ ಕಲ್ಲುಗಣಿಯ ಸಣ್ಣ ಪುಡಿ ಫ್ಯಾನಿನಿಂದ ಹಿಡಿದು ರೈಟರಿನ ಟ್ರೇವರೆಗೆ ಕೂತಿರುತ್ತದೆ. ಬ್ರಷ್ ಇರುವ ಕ್ಲೀನಿಂಗ್ ಸಿಡಿಯನ್ನು ಒಮ್ಮೆ ಹಾಕಿ ನೋಡಬಹುದು, ಪದೇ ಪದೇ ಬೇಡ. ಡ್ರೈವ್ ಬಿಚ್ಚಿ ಲೇಸರಿನ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿ ಶಕ್ತಿ ಹೆಚ್ಚಿಸುವ ಕೈಚಳಕ ಕೆಲವರಿಗೆ ಗೊತ್ತಿದೆ. ಅದು ನಾಲ್ಕು ದಿನ ಓಡಿಸಿ ಐದನೆಯ ದಿನ ಲೇಸರನ್ನೇ ಸುಡುವ ಉಪಾಯ, ಕಣ್ಣಿಗೂ ಅಪಾಯ.

ಡಿಸ್ಕನ್ನು ಒರೆಸುವುದಾದರೆ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತುಸುತ್ತಾಗಿ ಅಲ್ಲ; ಸುತ್ತಾಗಿ ಬಿದ್ದ ಗೀರು ಒಂದೇ ಜಾಡಿನ ಉದ್ದಕ್ಕೂ ಮಾಹಿತಿಯನ್ನು ತಿನ್ನುತ್ತದೆ. ಟೂತ್‌ಪೇಸ್ಟ್ ಉಜ್ಜುವ ಮನೆಮದ್ದನ್ನು ಒಂದೇ ಒಂದು ಪ್ರತಿ ಇರುವ ಡಿಸ್ಕಿನ ಮೇಲೆ ಪ್ರಯೋಗಿಸಬೇಡಿ. ಸಿಡಿಯ ವಿಷಯದಲ್ಲಿ ಹೊಳೆಯುವ ಬದಿಗಿಂತ ಹೆಸರು ಬರೆಯುವ ಬದಿ ಹೆಚ್ಚು ನಾಜೂಕಿನದು, ಏಕೆಂದರೆ ಮಾಹಿತಿಯ ಪದರ ಆ ಲೇಬಲಿನ ಕೆಳಗೇ ಇರುತ್ತದೆ. ಡಿವಿಡಿಯಲ್ಲಾದರೆ ಅದು 0.6 ಮಿಲಿಮೀಟರಿನ ಎರಡು ಪದರಗಳ ನಡುವೆ ಭದ್ರವಾಗಿರುತ್ತದೆ. ಇನ್ನು, ಸ್ಟುಡಿಯೊದವರು ಫೋಟೊ ಇರುವ ಕಾಗದದ ಸ್ಟಿಕ್ಕರ್ ಅಂಟಿಸಿಕೊಟ್ಟ ಡಿಸ್ಕ್‌ಗಳಿದ್ದರೆ ಅವೂ ನಿಧಾನಕ್ಕೆ ಕಾರಣವಾಗುತ್ತವೆ. ಪೂರ್ಣ ವೇಗದಲ್ಲಿ ಡಿಸ್ಕ್ ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ; ಸ್ಟಿಕ್ಕರ್ ಸ್ವಲ್ಪ ಓರೆಯಾಗಿದ್ದರೂ ಡಿಸ್ಕ್ ಅದುರಿ, ಡ್ರೈವ್ ತಾನಾಗಿ ವೇಗ ಇಳಿಸುತ್ತದೆ. ಅದನ್ನು ಕೀಳಲು ಹೋಗಬೇಡಿ, ಕಾಗದದ ಜೊತೆ ಪದರವೂ ಕಿತ್ತು ಬರಬಹುದು. 4ಎಕ್ಸ್ ವೇಗಕ್ಕೆ ಕಟ್ಟಿಹಾಕಿ ಓದಿಸಿ.

ಕೆಲವು ರೈಟರುಗಳು ವಿಡಿಯೊ ಡಿವಿಡಿ ಎಂದು ಗುರುತಿಸಿದೊಡನೆ ಸದ್ದು ಬಾರದಿರಲೆಂದು ತಾವೇ ಓದುವ ವೇಗ ತಗ್ಗಿಸುತ್ತವೆ, ಅದು ದೋಷವಲ್ಲ. ಧ್ವನಿ ಸಿಡಿಗಳ ರೀತಿಯೇ ಬೇರೆ. ಎಕ್ಸ್‌ಪ್ಲೋರರಿನಲ್ಲಿ ಅವು ‘ಟ್ರ್ಯಾಕ್01.ಸಿಡಿಎ’ ಎಂಬ 1 ಕೆಬಿ ಕಡತಗಳಾಗಿ ಕಾಣುತ್ತವೆ. ಆ ಕಡತಗಳಲ್ಲಿ ಹಾಡಿರುವುದಿಲ್ಲ, ಹಾಡು ಎಲ್ಲಿದೆ ಎಂಬ ಸೂಚನೆ ಮಾತ್ರ ಇರುತ್ತದೆ. ಅವನ್ನು ಎಳೆದು ಹಾಕಿ ಕ್ಷಣದಲ್ಲಿ ಕಾಪಿಯಾಯಿತೆಂದು ಸಂತೋಷಪಟ್ಟು, ಮೂಲ ಸಿಡಿಯನ್ನು ಯಾರಿಗೋ ಕೊಟ್ಟು ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಧ್ವನಿ ಸಿಡಿಯನ್ನು ಎಕ್ಸಾಕ್ಟ್ ಆಡಿಯೊ ಕಾಪಿಯಂಥ ತಂತ್ರಾಂಶದಿಂದಲೇ ಇಳಿಸಿ. ಅದು ‘ಸೆಕ್ಯೂರ್’ ವಿಧದಲ್ಲಿ ಪ್ರತಿ ತುಣುಕನ್ನೂ ಒಂದಕ್ಕಿಂತ ಹೆಚ್ಚು ಸಲ ಓದಿ ಹೋಲಿಸುವುದರಿಂದ ಬೇಕೆಂದೇ ನಿಧಾನ. ಧ್ವನಿ ಸಿಡಿಯಲ್ಲಿ ಮಾಹಿತಿ ಸಿಡಿಗಿರುವ ಹೆಚ್ಚುವರಿ ದೋಷ ತಿದ್ದುವ ಪದರ ಇಲ್ಲದ ಕಾರಣ ಆ ನಿಧಾನಕ್ಕೆ ಬೆಲೆಯಿದೆ.

ಈಗ ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದ ಎರಡು ಸಂಗತಿಗಳಿಗೆ ಬರುತ್ತೇನೆ: ಪಟ್ಟಿ ಕೇಬಲ್ ಮತ್ತು ತಡೆದು ಚಲಿಸುವ ಮೌಸ್. ಪಟ್ಟಿ ಕೇಬಲ್ ಎಂದರೆ ರೈಟರ್ ಐಡಿಇ ಎಂಬ ಹಳೆಯ ಜೋಡಣೆಯ ವಿಧದ್ದು. ಸರಿಯಾಗಿದ್ದಾಗ ಅದು ಡಿಎಂಎ ಎಂಬ ವಿಧಾನದಲ್ಲಿ ಮಾಹಿತಿಯನ್ನು ನೇರವಾಗಿ ಮೆಮೊರಿಗೆ ಸಾಗಿಸುತ್ತದೆ, ಪ್ರೊಸೆಸರಿಗೆ ತನ್ನ ಕೆಲಸಕ್ಕೆ ಬಿಡುವು ಇರುತ್ತದೆ. ಆದರೆ ಓದುವಾಗ ಪದೇ ಪದೇ ಟೈಮ್‌ಔಟ್ (ಸಮಯಕ್ಕೆ ಉತ್ತರ ಬಾರದಿರುವುದು) ಅಥವಾ ಸಿಆರ್‌ಸಿ ದೋಷ (ಬಂದ ಮಾಹಿತಿ ತಾಳೆಯಾಗದಿರುವುದು) ಬಂದರೆ, ಅಂಥವು ಒಟ್ಟು ಆರು ಸೇರಿದೊಡನೆ ವಿಂಡೋಸ್‌ನ ಐಡಿಇ ಡ್ರೈವರ್ ವೇಗವನ್ನು ಒಂದು ಮೆಟ್ಟಿಲು ಇಳಿಸುತ್ತದೆ. ದೋಷ ಮುಂದುವರಿದರೆ ಇನ್ನಷ್ಟು ಇಳಿಸಿ ಕೊನೆಗೆ ಪಿಐಒ ಎಂಬ ತೀರ ಹಳೆಯ ವಿಧಾನಕ್ಕೆ ತಂದು ನಿಲ್ಲಿಸುತ್ತದೆ. ಪಿಐಒದಲ್ಲಿ ಪ್ರತಿ ತುಣುಕನ್ನೂ ಪ್ರೊಸೆಸರೇ ಸಾಗಿಸಬೇಕು. ದಾಲ್‌ಮಿಲ್ಲಿನ ಯಜಮಾನನೇ ತೊಗರಿ ಮೂಟೆ ಹೊರಲು ನಿಂತರೆ ಗಲ್ಲಾ ನೋಡುವವರು ಯಾರೂ ಇಲ್ಲದಂತಾಗುತ್ತದಲ್ಲ, ಮೌಸ್ ತಡೆದು ಚಲಿಸುವುದು ಅದೇ ಕಾರಣಕ್ಕೆ. ಕೆಟ್ಟ ಡಿಸ್ಕೊಂದು ಹುಟ್ಟಿಸಿದ ಈ ಇಳಿಕೆ ಆ ಡಿಸ್ಕ್ ಹೊರಗೆ ತೆಗೆದ ಮೇಲೂ, ಕಂಪ್ಯೂಟರ್ ಆರಿಸಿ ಹಚ್ಚಿದ ಮೇಲೂ ಉಳಿಯುತ್ತದೆ. ಹಳೆಯ ಗೀರುಬಿದ್ದ ಡಿಸ್ಕ್‌ಗಳನ್ನು ಸಾಲಾಗಿ ಓದಿಸಿದ ನಿಮ್ಮಂಥವರ ಕಂಪ್ಯೂಟರಿನಲ್ಲಿ ಇದು ಆಗದಿದ್ದರೇ ಆಶ್ಚರ್ಯ.

ಪರೀಕ್ಷೆ ಸುಲಭ. ಡಿವೈಸ್ ಮ್ಯಾನೇಜರಿನಲ್ಲಿ ಐಡಿಇ ಎಟಿಎ/ಎಟಿಎಪಿಐ ಕಂಟ್ರೋಲರ್ಸ್ ಬಿಡಿಸಿ, ಒಂದೊಂದೇ ಎಟಿಎ ಚಾನೆಲಿನ ಪ್ರಾಪರ್ಟೀಸ್‌ನಲ್ಲಿ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ಪುಟ ನೋಡಿ. ರೈಟರಿನ ಮುಂದೆ ‘ಅಲ್ಟ್ರಾ ಡಿಎಂಎ ಮೋಡ್’ 2 ಅಥವಾ 4 ಎಂದಿದ್ದರೆ ಕ್ಷೇಮ. ಮೋಡ್ 2 ಸೆಕೆಂಡಿಗೆ 33 ಮೆಗಾಬೈಟ್ ಸಾಗಿಸಬಲ್ಲದು, 16ಎಕ್ಸ್ ಡಿವಿಡಿಗೆ ಬೇಕಾದದ್ದು 22 ಮಾತ್ರ. ಪಿಐಒ ಎಂದಿದ್ದರೆ ಕಳ್ಳ ಸಿಕ್ಕಿದ. ಆ ಚಾನೆಲನ್ನು ಅನ್‌ಇನ್‌ಸ್ಟಾಲ್ ಮಾಡಿ, ಕಂಪ್ಯೂಟರನ್ನು ಮರಳಿ ಆರಂಭಿಸಿ. ವಿಂಡೋಸ್ ಅದನ್ನು ಹೊಸದಾಗಿ ಗುರುತಿಸಿ ಡಿಎಂಎಗೆ ಮರಳುತ್ತದೆ. ಕೆಲವು ದಿನಗಳಲ್ಲಿ ಮತ್ತೆ ಪಿಐಒಗೆ ಇಳಿದರೆ ಕೇಬಲ್ ಸಂಶಯಾಸ್ಪದ. ಮಡಿಕೆ ಬಿದ್ದ 40 ತಂತಿಯ ಹಳೆಯ ಕೇಬಲ್ ತೆಗೆದು 80 ತಂತಿಯದನ್ನು ಹಾಕಿಸಿ.

ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ ಎಂಬ ನಂಬಿಕೆಯ ಬೇರು ಇಲ್ಲಿಯೇ ಇದೆ. ಹೊಸದಾಗಿ ವಿಂಡೋಸ್ ಹಾಕಿದಾಗ ಈ ಇಳಿಕೆಯ ನೆನಪೂ ಅಳಿಸಿಹೋಗಿ ರೈಟರ್ ಮತ್ತೆ ಓಡತೊಡಗುತ್ತದೆ, ವೈರಸ್ ಹೋಯಿತೆಂದು ಎಲ್ಲರೂ ನಂಬುತ್ತಾರೆ, ಕೆಟ್ಟ ಕೇಬಲ್ ಮಾತ್ರ ಹಾಗೇ ಕೂತಿರುತ್ತದೆ. ಎರಡು ನಿಮಿಷದ ಕೆಲಸಕ್ಕೆ ಇಡೀ ಸಿ ಡ್ರೈವ್ ಅಳಿಸುವುದು ನನಗೆ ಒಪ್ಪಿಗೆಯಿಲ್ಲ. ವೈರಸ್‌ಗಿಂತ ವೈರಸ್ ತಡೆಯುವ ತಂತ್ರಾಂಶವೇ ಸಾವಿರಾರು ಸಣ್ಣ ಫೋಟೊ ಕಡತಗಳನ್ನು ಒಂದೊಂದಾಗಿ ಪರಿಶೀಲಿಸುತ್ತ ಬರ್ನ್ ನಿಧಾನಗೊಳಿಸುವುದು ಹೆಚ್ಚು. ಐಎಸ್‌ಒ ಆಗಿ ಮೊದಲೇ ಕಟ್ಟಿಕೊಂಡರೆ ಆ ಕಾಟವೂ ತಪ್ಪುತ್ತದೆ. ರ್ಯಾಮ್ ಹೆಚ್ಚಿಸುವುದರಿಂದ ಬೇರೆ ಲಾಭಗಳಿರಬಹುದು, ಆದರೆ ಸೆಕೆಂಡಿಗೆ 22 ಮೆಗಾಬೈಟ್ ಪೂರೈಸಲು ನಿಮ್ಮಲ್ಲಿ ಈಗಿರುವುದೇ ಸಾಕು.

ಯುಎಸ್‌ಬಿ ರೈಟರಿನ ಕಥೆ ಬೇರೆ. ತೆಳ್ಳನೆಯ ರೈಟರುಗಳು ಸಾಮಾನ್ಯವಾಗಿ 8ಎಕ್ಸ್‌ಗಿಂತ ಹೆಚ್ಚು ವೇಗದಲ್ಲಿ ಡಿವಿಡಿ ಬರೆಯಲಾರವು. 16ಎಕ್ಸ್ ಡಿಸ್ಕ್ ಕೊಟ್ಟರೂ ಎಂಟು ಹತ್ತು ನಿಮಿಷ ಹಿಡಿಯುವುದು ಅದರ ಗುಣ. ನಡುವೆ ನಿಲ್ಲುವುದು ಮಾತ್ರ ಹೆಚ್ಚಾಗಿ ವಿದ್ಯುತ್ತಿನ ಕೊರತೆಯಿಂದ. ಯುಎಸ್‌ಬಿ 2.0 ಪೋರ್ಟಿನ ನಿಯಮದ ಪ್ರಕಾರ ಸಿಗುವುದು 500 ಮಿಲಿಆಂಪಿಯರ್. ಬರೆಯುವ ಘಳಿಗೆಯಲ್ಲಿ ಡ್ರೈವ್ ಅದಕ್ಕಿಂತ ಹೆಚ್ಚು ಕೇಳುತ್ತದೆ, ಮುಂಭಾಗದ ಪೋರ್ಟಿನ ತೆಳು ತಂತಿಯಲ್ಲಿ ಅಷ್ಟೂ ತಲುಪುವುದಿಲ್ಲ. ಹಿಂಭಾಗದಲ್ಲಿ ಮದರ್‌ಬೋರ್ಡಿಗೇ ಅಂಟಿದ ಪೋರ್ಟಿಗೆ ಹಚ್ಚಿ, ಎರಡು ಪ್ಲಗ್ ಇರುವ ಕೇಬಲ್ ಕೊಟ್ಟಿದ್ದರೆ ಎರಡನ್ನೂ ಹಚ್ಚಿ, ಹಬ್ ಬಳಸಬೇಡಿ. ಈ ಸಾಧನ ಇನ್ನೂ ವೇಗವಾಗಿ ಕೆಲಸ ಮಾಡಬಲ್ಲದು ಎಂಬ ಸಂದೇಶವನ್ನು ವಿಂಡೋಸ್ ತೋರಿಸಿದರೆ ನಿರ್ಲಕ್ಷಿಸಬೇಡಿ. ಅದು ಯುಎಸ್‌ಬಿ 1.1ರ ವೇಗಕ್ಕೆ ಬಿದ್ದಿದೆ ಎಂದರ್ಥ, ಅಲ್ಲಿ ಸೆಕೆಂಡಿಗೆ ಒಂದು ಮೆಗಾಬೈಟ್ ಸಾಗುವುದೇ ಹೆಚ್ಚು.

ಟಿವಿಯಲ್ಲಿ ಓಡದಿರುವುದಕ್ಕೂ ನಿಧಾನಕ್ಕೂ ಒಂದೇ ಮೂಲವಿರಬಹುದು. ಖಾಲಿ ಡಿಸ್ಕ್ ಹಾಕಿದಾಗ ವಿಂಡೋಸ್ 7 ಎರಡು ಆಯ್ಕೆ ಕೇಳುತ್ತದೆ: ಪೆನ್‌ಡ್ರೈವಿನಂತೆ ಬಳಸುವುದೋ, ಪ್ಲೇಯರಿನಲ್ಲಿ ಓಡಿಸುವುದೋ. ಮೊದಲನೆಯದನ್ನು ಒಪ್ಪಿದರೆ ಅದು ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಸಣ್ಣ ಸಣ್ಣ ಕಂತುಗಳಲ್ಲಿ ಬರೆಯುತ್ತದೆ. ಸಮಯವೂ ಹೆಚ್ಚು, ಹಳೆಯ ಡಿವಿಡಿ ಪ್ಲೇಯರಿಗೆ ಆ ವಿನ್ಯಾಸ ಅರ್ಥವಾಗುವುದೂ ಇಲ್ಲ. ಇಮೇಜ್ ಆಗಿ ಬರೆದರೆ ಎರಡೂ ಸಮಸ್ಯೆ ಹೋಗುತ್ತವೆ.

ಇಷ್ಟಾದ ಮೇಲೂ ಬರೆಯುವುದು ಮಾತ್ರ ನಿಧಾನವಾದರೆ, ಇಮ್ಗ್‌ಬರ್ನ್ ಪರದೆಯಲ್ಲಿ ಬಫರ್ ಪಟ್ಟಿಗಳನ್ನು ಗಮನಿಸಿ; ಬಫರ್ ಎಂದರೆ ಬರೆಯುವ ಮೊದಲು ಮಾಹಿತಿ ಕೂಡಿಡುವ ತಾತ್ಕಾಲಿಕ ಜಾಗ. ಅವು ಖಾಲಿಯಾಗಿ ತುಂಬಿ ಖಾಲಿಯಾಗಿ ತುಂಬುತ್ತಿದ್ದರೆ ಕಂಪ್ಯೂಟರ್ ಮಾಹಿತಿ ಪೂರೈಸಲಾರದೆ ಸೋಲುತ್ತಿದೆ. ಹಿಂದೆ ಹೀಗಾದರೆ ಡಿಸ್ಕೇ ಹಾಳಾಗುತ್ತಿತ್ತು. 2000ದ ಸುಮಾರಿಗೆ ಸ್ಯಾನ್ಯೊ ತಂದ ಬರ್ನ್-ಪ್ರೂಫ್‌ನಂಥ ವ್ಯವಸ್ಥೆಗಳ ನಂತರ ಲೇಸರ್ ತಡೆದು ನಿಂತು ಅಲ್ಲಿಂದಲೇ ಮುಂದುವರಿಯುತ್ತದೆ, ಡಿಸ್ಕ್ ಉಳಿಯುತ್ತದೆ, ತಾಸುಗಳು ಹೋಗುತ್ತವೆ. ಬಫರ್ ತುಂಬಿಯೇ ಇದ್ದು ವೇಗ ಏರದಿದ್ದರೆ ಅದು ಡ್ರೈವಿನ ತೀರ್ಮಾನ. ಪ್ರತಿ ಖಾಲಿ ಡಿಸ್ಕಿನಲ್ಲೂ ತಯಾರಕರ ಸಂಕೇತವೊಂದು ಅಚ್ಚಾಗಿರುತ್ತದೆ. ಆ ಸಂಕೇತಕ್ಕೆ ಲೇಸರನ್ನು ಹೇಗೆ ನಡೆಸಬೇಕೆಂಬ ಪಟ್ಟಿ ಡ್ರೈವಿನೊಳಗಿರುತ್ತದೆ. ಪಟ್ಟಿಯಲ್ಲಿಲ್ಲದ ಡಿಸ್ಕ್ ಬಂದರೆ ಪೊಟ್ಟಣದ ಮೇಲೆ 16ಎಕ್ಸ್ ಎಂದಿದ್ದರೂ ಅದು ಕಡಿಮೆ ವೇಗವನ್ನೇ ಆರಿಸಿಕೊಳ್ಳುತ್ತದೆ. ಒಂದು ಕಾಲಕ್ಕೆ ನಮ್ಮ ಎಲ್ಲ ಅಂಗಡಿಗಳಲ್ಲಿ ಸಿಗುತ್ತಿದ್ದ ಮೋಸರ್ ಬೇರ್ ಡಿಸ್ಕ್‌ಗಳ ತಯಾರಿಕೆ ನಿಂತಿದೆ, ಈಗ ಬಿಡಿಯಾಗಿ ಸಿಗುವುದರಲ್ಲಿ ಯಾವುದು ಯಾರದೆಂದು ಹೇಳುವುದು ಕಷ್ಟ. ನೂರರ ಕಟ್ಟು ಕೊಳ್ಳುವ ಮೊದಲು ನಾಲ್ಕೈದು ತಂದು ಬರೆದು, ತಾಳೆ ನೋಡಿ.

ನಿಧಾನ ಬರೆದಷ್ಟೂ ಬಾಳಿಕೆ ಎಂಬ ಮಾತು ಸಿಡಿಗಳ ಮೊದಲ ದಿನಗಳಿಂದ ಉಳಿದುಬಂದದ್ದು. ಈಗಿನ 16ಎಕ್ಸ್ ಡಿಸ್ಕಿನ ಬಣ್ಣದ ಪದರವನ್ನು ವೇಗದ ಬರವಣಿಗೆಗೆಂದೇ ಹದಗೊಳಿಸಿರುತ್ತಾರೆ. ಅದನ್ನು 2ಎಕ್ಸ್‌ನಲ್ಲಿ ಬರೆಯುವುದರಿಂದ ಗುಣಮಟ್ಟ ಹೆಚ್ಚುವುದಿಲ್ಲ, ಕೆಲವೊಮ್ಮೆ ಕುಗ್ಗುತ್ತದೆ. ಪೂರ್ಣ 16ಎಕ್ಸ್‌ನಲ್ಲಿ ಹೊರ ಅಂಚಿನ ಅದುರುವಿಕೆಯಿಂದ ದೋಷ ಹೆಚ್ಚಬಹುದಾದ್ದರಿಂದ ನಾನು 8ಎಕ್ಸ್ ಆರಿಸುತ್ತೇನೆ. ಬಾಳಿಕೆಯನ್ನು ನಿರ್ಧರಿಸುವುದು ಆ ಪದರದ ಗುಣ ಮತ್ತು ನೀವು ಇಡುವ ಜಾಗ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ತಗಡಿನ ಮಾಳಿಗೆಯ ಕೆಳಗೆ, ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟ ಡಿಸ್ಕ್ ಯಾವ ವೇಗದಲ್ಲಿ ಬರೆದಿದ್ದರೂ ಬೇಗ ಕೆಡುತ್ತದೆ.

ಇನ್ನು ನೀವು ಏನು ಮಾಡಬಹುದು ಎಂಬುದು. ಪಿಐಒ ಸರಿಪಡಿಸುವುದು ಮತ್ತು ಪೋರ್ಟ್ ಬದಲಿಸುವುದು ಖರ್ಚಿಲ್ಲದ ಕೆಲಸಗಳು, ಅವನ್ನು ಮೊದಲು ಮಾಡಿ. ಅದರಿಂದಾಗದಿದ್ದರೆ ಹಳೆಯ ಐಡಿಇ ರೈಟರಿಗೆ ಹಣ ಹಾಕದೆ ಸಾಟಾ ಎಂಬ ಹೊಸ ಜೋಡಣೆಯ ಒಳ ರೈಟರ್ ಹಾಕಿಸಿ. 2009ರ ಮದರ್‌ಬೋರ್ಡಿನಲ್ಲಿ ಸಾಟಾ ಜಾಗ ಸಾಮಾನ್ಯವಾಗಿ ಇರುತ್ತದೆ, ಪವರ್ ಕೇಬಲ್ ಹೊಂದುತ್ತದೆಯೇ ಎಂದು ಮಾತ್ರ ಮೊದಲೇ ನೋಡಿಸಿ. ಬರ್ನ್ ಮಾಡುವಾಗ ಯುಪಿಎಸ್ ಇರಲಿ, ಕರೆಂಟ್ ಹೋದರೆ ಬರ್ನ್-ಪ್ರೂಫ್ ಕಾಪಾಡುವುದಿಲ್ಲ. ಎಲ್ಲ ನಲವತ್ತನ್ನೂ ಇಮೇಜ್ ಆಗಿ ಇಳಿಸಿ ಎರಡು ಹಾರ್ಡ್ ಡಿಸ್ಕ್‌ಗಳಲ್ಲಿಟ್ಟು, ಒಂದನ್ನು ಬೇರೆ ಮನೆಯಲ್ಲಿಡುವುದು ನನ್ನ ಸ್ಪಷ್ಟ ಸಲಹೆ. ಮನೆಯವರಿಗೆ ಕೊಡುವ ಪ್ರತಿ ಡಿವಿಡಿಯಾಗಿರಲಿ, ಪೆನ್‌ಡ್ರೈವಾಗಿರಲಿ, ಅದು ಕೇಳುವುದಕ್ಕೆ. ಪೆನ್‌ಡ್ರೈವನ್ನು ಭಂಡಾರವೆಂದು ನಂಬಬೇಡಿ.

ಕ್ರಮದ ಬಗ್ಗೆಯೂ ಒಂದು ಮಾತು. ಮೊದಲು ಚೆನ್ನಾಗಿ ಓದುವ ಡಿಸ್ಕ್‌ಗಳನ್ನು ಇಳಿಸಿಕೊಳ್ಳಿ, ತಿಣುಕಿಸುವವನ್ನು ಪಕ್ಕಕ್ಕಿಡಿ. ಇಲ್ಲದಿದ್ದರೆ ಒಂದು ಕೆಟ್ಟ ಡಿಸ್ಕ್ ಮತ್ತೆ ಪಿಐಒಗೆ ಇಳಿಸಿ ಉಳಿದವನ್ನೂ ನಿಧಾನಗೊಳಿಸುತ್ತದೆ. ಪಕ್ಕಕ್ಕಿಟ್ಟ ಮಾಹಿತಿ ಡಿಸ್ಕ್‌ಗಳಿಗೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನವಿದೆ. ಅದು ಸುಲಭವಾಗಿ ಓದಬಲ್ಲ ಭಾಗಗಳನ್ನು ಮೊದಲು ಬಾಚಿಕೊಂಡು, ಕೆಟ್ಟ ಭಾಗಗಳಿಗೆ ಆಮೇಲೆ ಮರಳುತ್ತದೆ, ಎಲ್ಲಿಯವರೆಗೆ ಓದಿದೆ ಎಂಬುದನ್ನು ಒಂದು ಕಡತದಲ್ಲಿ ಬರೆದಿಡುತ್ತದೆ. ಆ ಕಡತ ಇಟ್ಟುಕೊಂಡರೆ ಇದೇ ಡಿಸ್ಕನ್ನು ಬೇರೆ ಡ್ರೈವಿನಲ್ಲಿ ಹಾಕಿ ಉಳಿದದ್ದನ್ನು ಮಾತ್ರ ಓದಿಸಬಹುದು. ಆದ್ದರಿಂದ ಜಾತ್ರೆಯ ಡಿವಿಡಿಗಳನ್ನು ಆಗ ಒಂದೇ ಮೂಲದಿಂದ ಹಲವು ಪ್ರತಿ ತೆಗೆಸಿ ಹಂಚಿದ್ದರೆ, ಆ ಮನೆಗಳಲ್ಲಿ ಹಳೆಯ ಪ್ರತಿ ಉಳಿದಿದೆಯೇ ಎಂದು ವಿಚಾರಿಸಿ. ಎರಡು ಪ್ರತಿಗಳು ಒಂದೇ ಜಾಗದಲ್ಲಿ ಕೆಟ್ಟಿರುವುದು ಅಪರೂಪ; ನಿಮ್ಮದರಲ್ಲಿ ಹೋದ ಸೆಕ್ಟರ್‌ಗಳನ್ನು ಅವರದರಿಂದ ತುಂಬಿಕೊಳ್ಳಬಹುದು.